ಉದ್ಘಾಟನೆ ನಿನ್ನೆನೇ ಆತು

ಗಜನಿಗೆ ತಂತಿಬೇಲಿ ಬಿದ್ದ ದಿನ ಮಾಸ್ತಮ್ಮ ಖುಷಿಪಟ್ಟಿದ್ದಳು. ಆಮೇಲೆ ಅವಳಿಗೆ ಹೆಚ್ಚು ಸಿಟ್ಟು ಬರಿಸಿದ್ದು ಅದೇ. ಬೇಲಿ ಹಾಕುವ ಆಳುಗಳಿಗೆ ಅವಳೇ ಕೊಡಪಾನದಲ್ಲಿ ಮಜ್ಜಿಗೆ ನೀರು ಹೊತ್ತು ತಂದುಕೊಟ್ಟಿದ್ದಳು. ಕಂಬ ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿ ಹೇಳಿದ್ದಳು. ಅಂತೂ ಹಕ್ಕಿಗಳಿಗೆ ಒಂದು ದಿಕ್ಕಾಯಿತು ಎಂದುಕೊಂಡಿದ್ದಳು. ಆ ಬೇಲಿ ದನಕ್ಕಲ್ಲ, ಕೋವಿಯವರಿಗಲ್ಲ, ತನಗೇ ಎಂದು ತಿಳಿಯುವುದಕ್ಕೆ ಮರುದಿನದ ಇಳಿತ ಬರಬೇಕಾಯಿತು.

ಮಿರ್ಜಾನದಿಂದ ಅಘನಾಶಿನಿಯ ಗುಂಟ ಕಡಲಿನತ್ತ ಬಂದರೆ ಕೇದಗೆಕೊಡ್ಲು ಸಿಗುತ್ತದೆ. ಊರು ದಿಬ್ಬದ ಮೇಲೆ. ಅಂಬಿಗರ ಕೇರಿ ದಿಬ್ಬದ ಬುಡದಲ್ಲಿ. ಕೇರಿ ದಾಟಿದರೆ ಗಜನಿ, ಭರತಕ್ಕೆ ಉಪ್ಪುನೀರು ಹತ್ತಿ ಇಳಿತಕ್ಕೆ ಬರಿದಾಗುವ ಕೆಸರಿನ ಬಯಲು. ಹಿಂದೆ ಅಲ್ಲಿ ಭತ್ತ ಬೆಳೆಯುತ್ತಿದ್ದರು. ಕಟ್ಟೆ ಒಡೆಯಿತು. ಕಟ್ಟೆ ಕಟ್ಟುವ ಶಕ್ತಿ ಇದ್ದವರಿಗೆ ಗದ್ದೆ ಬೇಕಾಗಿರಲಿಲ್ಲ, ಗದ್ದೆ ಬೇಕಾದವರಿಗೆ ಕಟ್ಟೆ ಕಟ್ಟುವ ಶಕ್ತಿ ಇರಲಿಲ್ಲ. ಹೊಳೆ ಒಳಗೆ ಬಂದು ಕೂತಿತು. ಉಪ್ಪುನೀರಿನಲ್ಲೇ ಬೇರು ಬಿಡುವ ಕಾಂಡ್ಲ ಗಿಡಗಳು ತಾವಾಗಿಯೇ ಎದ್ದವು. ದಂಡೆಯ ದೊಡ್ಡ ಗೋಳಿಮರಕ್ಕೆ ಮೊದಲು ಬೆಳ್ಳಕ್ಕಿ ಬಂದವು, ಅವುಗಳ ಬೆನ್ನಿಗೇ ನೀರುಕಾಗೆ ಬಂದವು. ಯಾರಿಗೂ ಬೇಡವಾದ ಆ ಕೆಸರಿಗೆ ಅಂಬಿಗರ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಇಳಿದರು. ಕೆಸರಿನೊಳಗೆ ಬಳಚು ಇತ್ತು. ಎರಡು ಚಿಪ್ಪಿನ ನಡುವೆ ಒಂದು ಚೂರು ಮಾಂಸ. ಬಡವರ ಮೀನು.

ಬಳಚು ತೆಗೆಯುವುದು ಕಾಲಿನ ಕೆಲಸ. ಸೊಂಟದ ತನಕ ನೀರಿನಲ್ಲಿ ನಿಲ್ಲಬೇಕು. ಹೆಬ್ಬೆರಳಿನಿಂದ ಕೆಸರು ತಡವಬೇಕು. ಚಿಪ್ಪು ಸಿಕ್ಕಿತೋ, ಬಗ್ಗಬೇಕು, ಎತ್ತಬೇಕು, ಬುಟ್ಟಿಗೆ ಹಾಕಬೇಕು. ಮತ್ತೆ ಬಗ್ಗಬೇಕು. ಚಿಪ್ಪಿನ ಅಂಚು ಬೆರಳು ಸೀಳುತ್ತದೆ. ಸೀಳಿದ್ದಕ್ಕೆ ಉಪ್ಪುನೀರು ತಾಗುತ್ತದೆ. ಮಾಸ್ತಮ್ಮನ ಕಾಲಿನ ಉಗುರುಗಳು ಮದುವೆಯಾಗಿ ಬಂದ ವರ್ಷವೇ ಕಪ್ಪಾಗಿದ್ದವು, ಮತ್ತೆ ಬೆಳ್ಳಗಾಗಲಿಲ್ಲ. ಕುಮಟೆಯ ಬಸ್ಸಿನಲ್ಲಿ ಅವಳು ಕೂತರೆ ಪಕ್ಕದವರು ಎದ್ದು ಹೋಗಿ ನಿಲ್ಲುತ್ತಿದ್ದರು. ಎರಡು ಜನರ ಜಾಗದಲ್ಲಿ ಕಾಲು ಚಾಚಿ ಕೂತು ಹೋಗುವ ರಾಣಿ ಇಡೀ ಜಿಲ್ಲೆಗೆ ತಾನೊಬ್ಬಳೇ ಎಂದು ಅವಳು ಮನೆಗೆ ಬಂದು ಹೇಳಿ ನಗುತ್ತಿದ್ದಳು. ಗಂಡ ದುರ್ಗನಿಗೆ ಮಾತು ಕಡಿಮೆ. ದೋಣಿ, ಬೀಡಿ, ಬಲೆ. ಹೆಂಡತಿ ನಕ್ಕರೆ ಅವನೂ ನಗುತ್ತಿದ್ದ, ಅಷ್ಟೆ.

ಹಕ್ಕಿಗಳನ್ನು ಕಾದವರೂ ಈ ಹೆಂಗಸರೇ. ಒಂದು ವರ್ಷ ಪೇಟೆಯ ಕಡೆಯಿಂದ ಜೀಪಿನಲ್ಲಿ ನಾಲ್ಕಾರು ಗಂಡಸರು ಕೋವಿ ಹಿಡಿದು ಬಂದಿದ್ದರು. ಬೆಳ್ಳಕ್ಕಿಯ ಮಾಂಸಕ್ಕೆ ಬಾಯಿ ಚಪ್ಪರಿಸಿಕೊಂಡೇ ಬಂದವರು. ಹೆಂಗಸರು ನೀರಿನಲ್ಲಿದ್ದರು. ಕೈಗೆ ಸಿಕ್ಕಿದ್ದು ಕೆಸರು. ಅದನ್ನೇ ಉಂಡೆ ಕಟ್ಟಿ ಎಸೆದರು. ಒಬ್ಬನ ಬಾಯಿಗೇ ಬಿತ್ತು. ಜೀಪಿನ ಗಾಜಿನಲ್ಲಿ ದಾರಿ ಕಾಣದಂತಾಗಿ ಅವರು ತಲೆ ಹೊರಗೆ ಹಾಕಿ ಗಾಡಿ ಓಡಿಸಿಕೊಂಡು ಹೋದರು. ಕೇರಿ ಬಹಳ ದಿನ ಅದನ್ನೇ ಹೇಳಿಕೊಂಡು ನಕ್ಕಿತು. ಹಕ್ಕಿ ಕಾಯಿರಿ ಎಂದು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಒಂದೇ ಕೆಸರಿನಲ್ಲಿ ಉಣ್ಣುವವರು, ಅವರೂ ಇವೂ. ಅಷ್ಟೇ ನಂಟು.

ಆಮೇಲೆ ಹಕ್ಕಿಗಳು ಪೇಪರಿನಲ್ಲಿ ಬಂದವು. ಹಕ್ಕಿಗಳ ಹಿಂದೆ ಕ್ಯಾಮೆರಾದವರು ಬಂದರು. ಕ್ಯಾಮೆರಾದವರ ಹಿಂದೆ ಮಧುಸೂದನ ಬಂದ. ದಿಬ್ಬದ ಮೇಲಿನ ಮನೆಯವನೇ, ಹೆದ್ದಾರಿಯ ಮೇಲೆ ಅವನದೊಂದು ದೊಡ್ಡ ಹೋಟೆಲಿತ್ತು. ಪಂಚಾಯ್ತಿಯಲ್ಲಿ ಅವನ ಮಾತು ನಡೆಯುತ್ತಿತ್ತು. ಪಕ್ಷಿಧಾಮ ಸಮಿತಿ ಎಂದೊಂದು ಹುಟ್ಟಿತು, ಅವನೇ ಅಧ್ಯಕ್ಷ. ಅಂಬಿಗರ ಕೇರಿಯ ಒಬ್ಬರೂ ಅದರಲ್ಲಿರಲಿಲ್ಲ. ಬೇಲಿ ಬಿತ್ತು. ಗೇಟು ಬಂತು. ಟಿಕೆಟ್ಟು ಬಂತು. ಕಲ್ಲಿನ ಬೆಂಚು ಬಂದವು. ಹೊಳೆಯ ಬದಿಗೆ ಮೋಟರು ಬೋಟುಗಳು ಬಂದವು.

ಬೇಲಿ ಬಿದ್ದ ಮರುದಿನ ಮಾಸ್ತಮ್ಮ ಬುಟ್ಟಿ ಹಿಡಿದು ಹೋದಾಗ ಗೇಟಿನಲ್ಲಿ ಖಾಕಿ ಅಂಗಿ ತೊಟ್ಟು ನಿಂತವನು ಗಣೇಶ, ಅವಳ ಸತ್ತುಹೋದ ಅಕ್ಕನ ಮಗ. ಮುಂಬಯಿಯ ಬೋಟುಗಳಲ್ಲಿ ದುಡಿದು ಬೆನ್ನು ಹಾಳು ಮಾಡಿಕೊಂಡು ಬಂದವನಿಗೆ ಸಮಿತಿ ಈ ಕೆಲಸ ಕೊಟ್ಟಿತ್ತು. ಅವನು ಅವಳ ಮುಖ ನೋಡಲಿಲ್ಲ. ತಲೆಯ ಮೇಲಿದ್ದ ಬೋರ್ಡು ತೋರಿಸಿದ. ಮಾಸ್ತಮ್ಮನಿಗೆ ಓದು ಬಾರದು. ಅವನೇ ಓದಬೇಕಾಯಿತು. ಬಳಚು ತೆಗೆಯುವವರಿಗೆ, ಮೀನು ಹಿಡಿಯುವವರಿಗೆ ಪ್ರವೇಶವಿಲ್ಲ.

"ಹಂಗಾರೆ ಯಾರಿಗದೆ ಪ್ರವೇಶ?" ಮಾಸ್ತಮ್ಮ ಕೇಳಿದಳು.

"ನೋಡೂಕೆ ಬರೋರಿಗೆ, ಚಿಕ್ಕಿ."

"ನಂಗೂ ಕಣ್ಣು ಅದೆಯಲ್ಲಾ."

ಗಣೇಶ ಗೇಟು ಎಳೆದುಕೊಂಡ. ಅವಳು ಮರಳಿ ಬಂದಳು. ಸುಮ್ಮನಾಗಲಿಲ್ಲ. ಬೇಲಿ ನೆಲಕ್ಕಿತ್ತು, ಹೊಳೆಗೆ ಇರಲಿಲ್ಲ. ಮುಂದಿನ ಇಳಿತಕ್ಕೆ ದುರ್ಗನ ದೋಣಿಯಲ್ಲಿ ಕೂತು ಹೊಳೆಯ ಕಡೆಯಿಂದ ಒಳಗೆ ಇಳಿದಳು. ಬುಟ್ಟಿ ತುಂಬಿತು. ದಂಡೆ ಹತ್ತುವಾಗ ಎದುರಿಗೆ ಮಧುಸೂದನ ನಿಂತಿದ್ದ. ಅವನ ಜೊತೆಗೆ ಉದ್ದುದ್ದ ಕ್ಯಾಮೆರಾದ ಅತಿಥಿಗಳು. ಫೋಟೋಕ್ಕೆ ಈ ಹೆಂಗಸು ಅಡ್ಡ ಬರುತ್ತಾಳೆ, ಸ್ವಲ್ಪ ಸರಿಯಲು ಹೇಳಿ ಎಂದ ಒಬ್ಬ. ಅದು ದೊಡ್ಡ ಮಾತಲ್ಲ. ಸರಿದಳು. ಆದರೆ ಮಧುಸೂದನನಿಗೆ ಅತಿಥಿಗಳ ಮುಂದೆ ಅಷ್ಟು ಸಾಕಾಗಲಿಲ್ಲ. ಹಕ್ಕಿಗಳ ಆಹಾರ ಕದಿಯುವ ಕಳ್ಳಿಯರು ಇವರೇ ಎಂದ. ಕಾಲಿನಿಂದ ಬುಟ್ಟಿ ಒದ್ದ. ಬಳಚೆಲ್ಲ ಇಳಿಜಾರಿನಲ್ಲಿ ಉರುಳಿತು. ಅದರ ಮೇಲೆಯೇ ಬೂಟುಗಳು ನಡೆದು ಹೋದವು. ಚಿಪ್ಪು ಒಡೆಯುವ ಸದ್ದು ಅವಳಿಗೆ ಕೇಳಿಸಿತು.

ಕಳ್ಳಿ. ಅವಳು ಆ ಮಾತನ್ನು ಮನೆಗೆ ಹೊತ್ತು ತಂದಳು. ಮಧುಸೂದನನ ತಾಯಿಗೆ ಬಾಣಂತನದಲ್ಲಿ ಮೀನಿನ ಸಾರಿಗೆಂದು ಮೀನು ಆರಿಸಿ ಕೊಟ್ಟವಳು ಮಾಸ್ತಮ್ಮನ ಅತ್ತೆ. ಅವನು ಅಂಗಳದಲ್ಲಿ ಚಡ್ಡಿ ಇಲ್ಲದೆ ಓಡಾಡಿದ್ದನ್ನು ಮಾಸ್ತಮ್ಮ ಕಂಡವಳು. ಆದರೂ ಅವನಿಗೆ ಅವಳು ಒಡ್ಯಾ ಎನ್ನಬೇಕಿತ್ತು. ಅವನು ಅವಳಿಗೆ ಏ ಎನ್ನಬಹುದಿತ್ತು.

ಕೆಸರಿಗೆ ಬೀಗ ಬಿದ್ದ ಮೇಲೆ ಕೇರಿಯ ಒಲೆಗಳು ಸಣ್ಣಗಾದವು. ಕೆಲವರು ಕುಮಟೆಯ ಮನೆಗಳಿಗೆ ಪಾತ್ರೆ ತೊಳೆಯಲು ಹೋದರು. ಕೆಲವರು ಹೊನ್ನಾವರದ ಬಂದರಿಗೆ ಮೀನು ಆರಿಸಲು ಹೋದರು. ಮಾಸ್ತಮ್ಮನನ್ನು ಸಮಿತಿಯೇ ಕರೆಯಿತು. ಒಳಗೆ ಕಸ ಹೆಕ್ಕಬೇಕು, ಬೆಂಚು ಒರೆಸಬೇಕು, ಪಾಯಖಾನೆ ತೊಳೆಯಬೇಕು. ಅವಳು ಹೂಂ ಎಂದಳು. ಹೊಟ್ಟೆಗೆ ಮಾನ ಮರ್ಯಾದೆ ಕೇಳುವ ಅಭ್ಯಾಸ ಇರುವುದಿಲ್ಲ. ಅವಳಿಗೊಂದು ಹಸಿರು ಕೋಟು ಕೊಟ್ಟರು. ಕೋಟು ತೊಟ್ಟರೆ ಗೇಟು ತೆರೆಯುತ್ತಿತ್ತು. ಕೋಟು ಬಿಚ್ಚಿ ಬುಟ್ಟಿ ಹಿಡಿದರೆ ಮುಚ್ಚುತ್ತಿತ್ತು. ಅದೇ ಕೈ, ಅದೇ ಕಾಲು. ಆ ಕೋಟಿಗೆ ತನಗಿಂತ ಹೆಚ್ಚು ಮರ್ಯಾದೆ ಎಂದು ಅವಳು ಸಣ್ಣಿಗೆ ಹೇಳಿದಳು.

ಸಣ್ಣಿ ಹಾಲಕ್ಕಿ ಒಕ್ಕಲಿಗರವಳು, ಮಾಸ್ತಮ್ಮನ ಗೆಳತಿ. ಕೊರಳ ತುಂಬ ಕರಿಮಣಿ, ತಲೆಯ ಮೇಲೆ ಬಸಳೆ ಹರಿವೆಯ ಹೆಡಿಗೆ. ಕುಮಟೆಯ ಪೇಟೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಮಾರಿದವರು. ಸಣ್ಣಿಗೆ ಯಾವುದಕ್ಕೂ ಹಾಡು ಕಟ್ಟುವ ಚಟ. ಬಸ್ಸು ತಡವಾದರೆ ಡ್ರೈವರನ ಮೇಲೆ ಹಾಡು, ಮಳೆ ತಡವಾದರೆ ಮೋಡದ ಮೇಲೆ ಹಾಡು. ಮಾಸ್ತಮ್ಮನ ಕೋಟು ನೋಡಿ ಅವಳು ಗಿಳಿ ಗಿಳಿ ಎಂದು ಕರೆದಳು. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಕವಳ ಹಾಕುತ್ತಿದ್ದರು. ತಂತಿಯ ತೂತಿನಿಂದ ಎಲೆ, ಅಡಿಕೆ ದಾಟುತ್ತಿದ್ದವು.

ಮಳೆಗಾಲವಿಡೀ ಮಾಸ್ತಮ್ಮ ಆ ಕೆಲಸ ಮಾಡಿದಳು. ಬಾಟಲಿ ಹೆಕ್ಕಿದಳು. ಚಿಪ್ಸಿನ ಪೊಟ್ಟಣ ಹೆಕ್ಕಿದಳು. ಮಕ್ಕಳ ಉಚ್ಚೆಯ ಚಡ್ಡಿ ಹೆಕ್ಕಿದಳು. ದೊಡ್ಡ ಅತಿಥಿಗಳು ಬಂದಾಗ ಪಾಯಖಾನೆಯ ಹಿಂದೆ ನಿಲ್ಲಬೇಕೆಂದು ಕಟ್ಟಪ್ಪಣೆ. ಚೆಂದದ ಜಾಗಕ್ಕೆ ಅವಳು ಚೆಂದ ಅಲ್ಲ. ನಿಂತಳು. ಅಲ್ಲಿಂದ ಇಳಿತ ಕಾಣುತ್ತಿತ್ತು. ನೀರು ಸರಿದು ಕೆಸರು ಮೇಲೆ ಬರುವಾಗ ಅವಳ ಹೆಬ್ಬೆರಳು ಚಪ್ಪಲಿಯೊಳಗೆ ತಾನಾಗಿ ಅಲುಗುತ್ತಿತ್ತು.

ಮಳೆ ಹಿಂದೆ ಸರಿದ ಮೇಲೆ ಉದ್ಘಾಟನೆ ಗೊತ್ತಾಯಿತು. ಬೇಲಿ ಹಾಕಿ, ಟಿಕೆಟ್ಟು ಹರಿದು ತಿಂಗಳುಗಳಾದ ಮೇಲೆ ಉದ್ಘಾಟನೆ. ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಗೋಳಿಮರದ ಕೆಳಗೆ ವೇದಿಕೆ ಕಟ್ಟಿದರು, ಫೋಟೋದಲ್ಲಿ ಹಿಂದೆ ಹೊಳೆ ಬರಬೇಕೆಂದು. ವೇದಿಕೆಗೆ ಬಿಳಿ ಬಟ್ಟೆ ಹಾಸಿದರು. ಮೇಲೆ ಕೊಂಬೆಯ ತುಂಬ ಗೂಡುಗಳಿದ್ದವು. ಗೂಡಿನ ತುಂಬ ಮರಿಗಳು. ಮರಿಗಳಿಗೆ ಉದ್ಘಾಟನೆ ಗೊತ್ತಿರಲಿಲ್ಲ. ಬಿಳಿ ಬಟ್ಟೆ ಊಟದ ಹೊತ್ತಿಗೆ ಬಿಳಿಯಾಗಿ ಉಳಿಯಲಿಲ್ಲ. ಬದಲಿಸಿದರು. ಮತ್ತೆ ಹಿಕ್ಕೆ ಬಿತ್ತು. ಮಾಸ್ತಮ್ಮ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಒಳಗೊಳಗೇ ನಗು ಬಂತು, ತುಟಿ ಕಚ್ಚಿಕೊಂಡಳು.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಮಧುಸೂದನ ಬಂದ. ಕೈಯಲ್ಲಿ ಉದ್ದನೆಯ ದೋಟಿ. ತೆಂಗಿನಕಾಯಿ ಕೀಳುವ, ತುದಿಗೆ ಕತ್ತಿ ಕಟ್ಟಿದ ಬಿದಿರು. ಅದನ್ನು ಅವಳ ಕೈಗೆ ಕೊಟ್ಟ.

"ಈ ಬದಿ ಕೊಂಬೆ ಮೇಲಿದ್ದ ಗೂಡೆಲ್ಲ ಕೆಡಗು. ನಾಳೆ ಸಾಯೇಬ್ರ ತಲೆ ಮೇಲೆ ಬೀಳ್ತದೆ."

"ಮರಿ ಅದೆ, ಒಡ್ಯಾ."

"ಮರಿ ಇದ್ರೆ ಎಂತ? ಬಿದ್ದಿದ್ದು ಒಟ್ಟು ಮಾಡಿ ಆಚೆ ಹೊಂಡಕ್ಕೆ ಹಾಕು. ಯಾರಿಗೂ ಕಾಣೂದು ಬ್ಯಾಡ."

ಮಾಸ್ತಮ್ಮ ತಲೆ ಎತ್ತಿದಳು. ಒಂದು ನೀರುಕಾಗೆ ಗೂಡಿಗೆ ಬಂದು ಇಳಿಯಿತು. ಮರಿ ತಾಯಿಯ ಗಂಟಲಿಗೇ ತಲೆ ತೂರಿಸಿ ಮೀನು ಎಳೆಯಿತು. ಇನ್ನೊಂದು ಮರಿ ಅದನ್ನು ಜಗ್ಗಿತು. ಎರಡಕ್ಕೂ ಜಗಳ. ಅವಳ ಕೈಯಲ್ಲಿ ದೋಟಿ ಭಾರವಾಯಿತು. ಅವಳು ಈ ಜನ್ಮದಲ್ಲಿ ಬಹಳ ಕೆಲಸ ಮಾಡಿದ್ದಳು. ಮಲ ತೊಳೆದಿದ್ದಳು. ಬೈಸಿಕೊಂಡು ಒರೆಸಿದ್ದಳು. ಕಳ್ಳಿ ಎನಿಸಿಕೊಂಡ ಜಾಗದಲ್ಲೇ ಕಸ ಗುಡಿಸಿದ್ದಳು. ಇದನ್ನು ಮಾಡಿದರೆ ತನ್ನೊಳಗೆ ಇನ್ನೇನೂ ಉಳಿಯುವುದಿಲ್ಲ ಎನ್ನಿಸಿತು.

"ನಾ ಕೆಡಗೂದಿಲ್ಲ," ಎಂದಳು.

"ಎಂತ ಹೇಳ್ದೆ?"

"ಕೆಡಗೂದಿಲ್ಲ ಅಂದೆ, ತಮ್ಮಾ."

ಒಡ್ಯಾ ಹೋಗಿ ತಮ್ಮಾ ಆಗಿದ್ದು ಅವಳ ಬಾಯಿಗೇ ಆಮೇಲೆ ಗೊತ್ತಾಯಿತು. ಮಧುಸೂದನನ ಮುಖ ಕೆಂಪಾಯಿತು. ಕೆಲಸ ಬಿಟ್ಟು ಹೋಗು ಎಂದ. ಅವಳು ಕೋಟು ಬಿಚ್ಚಿ, ಮಡಚಿ, ವೇದಿಕೆಯ ಮೇಲೆ ಅಧ್ಯಕ್ಷರ ಕುರ್ಚಿಯಲ್ಲಿಟ್ಟಳು. ಕೆಲಸ ಬಿಟ್ಟೆ, ಹೋಗುವುದಿಲ್ಲ ಎಂದಳು. ದೋಟಿಯನ್ನು ಮರದ ಬುಡದಲ್ಲಿ ಅಡ್ಡ ಮಲಗಿಸಿದಳು. ಅದರ ಮೇಲೆ ಕೂತಳು. ಮಾಸ್ತಮ್ಮ ಸಣ್ಣ ಹೆಂಗಸಲ್ಲ. ಅವಳು ಕೂತಲ್ಲಿಂದ ದೋಟಿ ಎಳೆಯಬೇಕೆಂದರೆ ಮೊದಲು ಅವಳನ್ನು ಎತ್ತಬೇಕಿತ್ತು.

ಮಧುಸೂದನ ಗಣೇಶನನ್ನು ಕೂಗಿದ. ಎಳೆದು ಹಾಕು ಎಂದ. ಗಣೇಶ ಬಂದ, ಚಿಕ್ಕಿಯನ್ನು ನೋಡಿದ, ಮರ ನೋಡಿದ. ತನ್ನ ಬೆನ್ನು ಸರಿಯಿಲ್ಲ, ಭಾರ ಎತ್ತಬಾರದೆಂದು ಡಾಕ್ಟರರು ಹೇಳಿದ್ದಾರೆ ಎಂದ. ಅಷ್ಟು ಹೇಳಿ ಗೇಟಿಗೆ ಹೋಗಿ, ಬೀಗ ತೆಗೆದು, ಎರಡೂ ಬಾಗಿಲು ಬೇಲಿಗೆ ತಾಗುವಷ್ಟು ತೆರೆದ. ಬೀಗವನ್ನು ಹೊಳೆಗೆ ಎಸೆದ. ಆಮೇಲೆ ಚಿಕ್ಕಿಯ ಪಕ್ಕದಲ್ಲಿ ಬಂದು ಕೂತ. ಈಗ ದೋಟಿ ಎಳೆಯಲು ಇಬ್ಬರನ್ನು ಎತ್ತಬೇಕಿತ್ತು.

ಸುದ್ದಿ ಕೇರಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಹೆಂಗಸರು ಕೆಲಸದ ಸೀರೆಯಲ್ಲೇ ಬಂದು ದೋಟಿಯ ಮೇಲೆ ಸಾಲಾಗಿ ಕೂತರು. ಒಬ್ಬಳ ಕೈಗೆ ರುಬ್ಬಿದ ಮಸಾಲೆ ಹಾಗೇ ಅಂಟಿತ್ತು. ತಿಮ್ಮಕ್ಕ ಎಂಬ ಮುದುಕಿ, ಕೇರಿಯ ಎಲ್ಲರಿಗಿಂತ ಹಿರಿಯಳು, ಕೋಲು ಊರಿಕೊಂಡು ಬಂದು ದೋಟಿಯ ಕತ್ತಿಯಿಲ್ಲದ ತುದಿಯಲ್ಲಿ ಉಳಿದಿದ್ದ ಗೇಣು ಜಾಗದಲ್ಲಿ ಕೂತಳು. ದುರ್ಗ ಹೊಳೆಯ ಕಡೆಯಿಂದ ದೋಣಿಯಲ್ಲಿ ಗಂಜಿಯ ಪಾತ್ರೆ ತಂದಿಳಿಸಿದ. ಯಾರೂ ಹೇಳಿರಲಿಲ್ಲ. ಉಪ್ಪಿನಕಾಯಿಯನ್ನೂ ಮರೆತಿರಲಿಲ್ಲ. ಪೇಟೆಯಿಂದ ಮರಳುತ್ತಿದ್ದ ಸಣ್ಣಿ ಖಾಲಿ ಹೆಡಿಗೆಯ ಸಮೇತ ಒಳಗೆ ಬಂದು, ವಿಷಯ ಕೇಳಿ, ಹೆಡಿಗೆ ಕವುಚಿ ಹಾಕಿ ಕೂತು ಹಾಡು ಎತ್ತಿದಳು.

ಹಕ್ಕೀಯ ಹೆಸರೇಳಿ ಬೇಲೀಯ ಹಾಕ್ದೋರು
ಹಕ್ಕೀಯ ಗೂಡ ಕೆಡಗ್ತ್ರು, ತಂಗೀ
ಬೆಕ್ಕೀಗೂ ಇಂಥ ಗುಣವಿಲ್ಲ

ಎರಡನೇ ಸಲಕ್ಕೆ ಎಲ್ಲರಿಗೂ ಬಾಯಿಗೆ ಬಂತು. ಮೂರನೇ ಸಲಕ್ಕೆ ಗಣೇಶ ಗಂಜಿಯ ಪಾತ್ರೆ ಬಡಿದ.

ಮಧುಸೂದನ ಪೊಲೀಸರನ್ನು ಕರೆಸಿದ. ಇಬ್ಬರು ಬಂದರು. ಹೆಂಗಸರನ್ನು ಮುಟ್ಟಲು ಹೆಂಗಸು ಪೊಲೀಸರು ಬೇಕು, ಅವರು ಭಟ್ಕಳದ ಬಂದೋಬಸ್ತಿಗೆ ಹೋಗಿದ್ದಾರೆ ಎಂದು ಹೇಳಿ ನೆರಳು ನೋಡಿ ನಿಂತರು. ಆಮೇಲೆ ಮಧುಸೂದನ ಗೇರುಸೊಪ್ಪೆಯ ಕಡೆಯ ದೇವಪ್ಪ ಎಂಬ ಮರ ಹತ್ತುವವನನ್ನು ಜೀಪಿನಲ್ಲಿ ಕರೆತಂದ. ಸೊಂಟಕ್ಕೆ ಹಗ್ಗ, ಹೆಗಲಿಗೆ ಕತ್ತಿ. ಕೊಂಬೆ ಸವರುವ ಕೆಲಸ ಎಂದಷ್ಟೇ ಅವನಿಗೆ ಹೇಳಿದ್ದರು. ದೇವಪ್ಪ ಮೇಲೆ ನೋಡಿದ. ಗೂಡುಗಳನ್ನು ಕಂಡ. ಕೆಳಗೆ ನೋಡಿದ. ಹೆಂಗಸರನ್ನು ಕಂಡ. ಇದು ಕೊಂಬೆಯಲ್ಲ, ಬಾಣಂತಿಕೋಣೆ, ನಾನು ಹತ್ತುವುದಿಲ್ಲ ಎಂದ. ಮರಳಿ ಹೋಗಲು ಜೀಪು ಕೊಡಲಿಲ್ಲ. ಅವನೂ ಗಂಜಿ ಉಂಡ.

ಗೇಟು ತೆರೆದದ್ದನ್ನು ನೋಡಿ ಮಧ್ಯಾಹ್ನದ ಮೇಲೆ ಊರೇ ಒಳಗೆ ಬಂತು. ಟಿಕೆಟ್ಟು ಬಂದಾಗಿನಿಂದ ಊರಿನ ಬಹಳ ಜನ ಈ ಕಡೆ ಕಾಲು ಹಾಕಿರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಚೀಲ ಬೆನ್ನಿಗಿರುವಂತೆಯೇ ಓಡಿಬಂದರು. ದಿಬ್ಬದ ಮೇಲಿನ ಮನೆಯವರೂ ಬಂದರು, ಮೊದಲು ಸುಮ್ಮನೆ ನೋಡಿ ಹೋಗಲೆಂದು, ಆಮೇಲೆ ಕೂರಲೆಂದು. ಮಿರ್ಜಾನದಿಂದ ಮುಸಲ್ಮಾನರ ಕೇರಿಯ ಹೆಂಗಸರು ರಿಕ್ಷಾದಲ್ಲಿ ಬಂದು ಚಾಪೆ ಹಾಸಿದರು, ಬಿಸ್ಕೂಟು ಹಂಚಿದರು. ಯಾರೋ ಕಡಲೆ ಮಾರತೊಡಗಿದರು. ಸಂಜೆ ಬೆಳ್ಳಕ್ಕಿಗಳು ಹೊಳೆಯ ಮೇಲಿಂದ ಸಾಲುಗಟ್ಟಿ ಬಂದು ಮರಕ್ಕೆ ಇಳಿಯುವಾಗ ಮಕ್ಕಳು ಉಸಿರು ಹಿಡಿದು ನಿಂತರು. ಕೂಗಬಾರದು ಎಂದು ದೊಡ್ಡವರು ಹೇಳುವ ಮೊದಲೇ ಅವರು ಸುಮ್ಮನಾಗಿದ್ದರು. ಮಾಸ್ತಮ್ಮ ಇಷ್ಟು ಜನರನ್ನು ಆ ಜಾಗದಲ್ಲಿ ಯಾವತ್ತೂ ಕಂಡಿರಲಿಲ್ಲ. ಅವಳಿಗೆ ಸಿಟ್ಟು ಇತ್ತು, ಹೌದು. ಸಿಟ್ಟಿನ ಪಕ್ಕದಲ್ಲೇ ಮದುವೆಮನೆಯಂಥ ಒಂದು ಸಡಗರವೂ ಬಂದು ಕೂತಿತ್ತು. ಎರಡೂ ಒಂದೇ ಎದೆಯಲ್ಲಿ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ರಾತ್ರಿ ದುರ್ಗ, ಗಣೇಶ ಮರದ ಬುಡದಲ್ಲೇ ಕಾದರು. ಮರುದಿನ ಬೆಳಿಗ್ಗೆ ಹೆಂಗಸರು ಮತ್ತೆ ಬಂದು ಕೂತರು. ಈ ಸಲ ಬುಟ್ಟಿ ಹಿಡಿದೇ ಬಂದರು. ದೊಡ್ಡ ಅಧಿಕಾರಿಯ ಕಾರು ಬಂತು, ಹಿಂದೆ ಟೀವಿಯವರು ಬಂದರು. ಮಧುಸೂದನ ಗೇಟಿಗೆ ಕೆಂಪು ರಿಬ್ಬನ್ನು ಕಟ್ಟಿಸಿದ್ದ. ತಟ್ಟೆಯಲ್ಲಿ ಕತ್ತರಿ ಇತ್ತು. ಆದರೆ ರಿಬ್ಬನ್ನಿನ ಒಳಗೆ ಆಗಲೇ ಊರೆಲ್ಲ ಇತ್ತು. ಅಧಿಕಾರಿ ಕತ್ತರಿ ಹಿಡಿದು ನಿಂತರು. ಕತ್ತರಿಸಿ ಯಾರನ್ನು ಒಳಗೆ ಬಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಇವರೆಲ್ಲ ಯಾರು ಎಂದು ಕೇಳಿದರು. ಮಧುಸೂದನ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾಸ್ತಮ್ಮ ಎದ್ದು ಬಂದಳು.

"ಉದ್ಘಾಟನೆ ನಿನ್ನೆನೇ ಆತು, ಸಾಯೇಬ್ರೆ. ನೀವು ಬರೂದು ತಡ ಆತು. ಅಡ್ಡಿಲ್ಲ, ಬನ್ನಿ, ಕೂತ್ಕಳ್ಳಿ."

ಜನ ನಕ್ಕರು. ಟೀವಿಯವರೂ ನಕ್ಕರು. ಅಧಿಕಾರಿ ಒಳ್ಳೆಯವರೋ ಕೆಟ್ಟವರೋ ಮಾಸ್ತಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಬುದ್ಧಿವಂತರಂತೂ ಹೌದು. ಕ್ಯಾಮೆರಾಗಳನ್ನು ನೋಡಿದರು, ಕತ್ತರಿಯನ್ನು ತಟ್ಟೆಗೆ ಇಟ್ಟರು, ರಿಬ್ಬನ್ನಿನ ಕೆಳಗೆ ಬಗ್ಗಿ ಒಳಗೆ ಬಂದರು. ವೇದಿಕೆ ಹತ್ತಿದರು. ಹಿಕ್ಕೆ ಬಿತ್ತು, ಅವರ ಮೇಲಲ್ಲ, ಮಧುಸೂದನನ ಭಾಷಣದ ಹಾಳೆಯ ಮೇಲೆ.

ಟೀವಿಯವರು ಚಾಚಿದ ಮೈಕು ಕೈಗೆ ಬಂದಾಗ ಮಾಸ್ತಮ್ಮ ಅದನ್ನು ಬಳಚು ಹಿಡಿದ ಹಾಗೆ ಬಿಗಿಯಾಗಿ ಹಿಡಿದಳು. ಮಾತು ಉದ್ದ ಬೆಳೆಸಲಿಲ್ಲ.

"ಹಕ್ಕಿ ಕಾದೋರು ನಾವು. ನಮ್ಮನ್ನೇ ಕಳ್ಳಿ ಅಂದ್ರು. ನಿನ್ನೆ ಈ ಗೂಡು ಕೆಡಗೂಕೆ ನನ್ನ ಕೈಗೇ ದೋಟಿ ಕೊಟ್ರು. ಕೊಟ್ಟೋರು ಇಲ್ಲೇ ಅದಾರೆ, ಕೇಳಿ. ಈ ಬೇಲಿ ತೆಗೀರಿ. ಟಿಕೆಟ್ಟು ತೆಗೀರಿ. ಬೋಟು ಗೂಡಿನ ಹತ್ರ ಗರ್ರ್ ಅನ್ನೂದು ಬ್ಯಾಡ. ಮರಿ ಹಾರೂವರೆಗೆ ಈ ಮರದ ಬುಡಕ್ಕೆ ನಾವೂ ಬರೂದಿಲ್ಲ, ಯಾರೂ ಬರೂದು ಬ್ಯಾಡ. ಎರಡು ದಿನ ಕೂತಿದ್ದಕ್ಕೆ ಹಕ್ಕಿ ಹತ್ರ ಮಾಫಿ ಕೇಳ್ತೆ. ಮನುಷ್ಯರ ಹತ್ರ ಕೇಳೂದಿಲ್ಲ."

ಅಧಿಕಾರಿ ಅಲ್ಲಿ ಏನನ್ನೂ ಒಪ್ಪಲಿಲ್ಲ. ಪರಿಶೀಲಿಸುತ್ತೇವೆ ಎಂದರು. ಆದರೆ ಗೂಡು ಕೆಡವಲು ಹೇಳಿದವರು ಯಾರು ಎಂಬುದು ಅವತ್ತೇ ಸಂಜೆ ಎಲ್ಲರ ಮನೆಯ ಟೀವಿಯಲ್ಲಿ ಬಂತು. ಒಂದು ವಾರದೊಳಗೆ ಟಿಕೆಟ್ಟಿನ ಗೂಡಂಗಡಿಯ ಬಾಗಿಲು ಮುಚ್ಚಿತು. ಗೇಟು ತೆರೆದೇ ಉಳಿಯಿತು, ಬೀಗ ಹೊಳೆಯ ತಳದಲ್ಲಿತ್ತಲ್ಲ. ಬೇಲಿಯ ವಿಷಯ ಮಾತ್ರ ಗ್ರಾಮಸಭೆಗೆ ಬಂತು.

ಗ್ರಾಮಸಭೆ ಶಾಲೆಯ ಹಾಲಿನಲ್ಲಿ ಸೇರಿತು. ಅಂಬಿಗರ ಕೇರಿಯ ಹೆಂಗಸರು ಯಾವತ್ತೂ ಅಲ್ಲಿಗೆ ಹೋದವರಲ್ಲ. ಹೋದರೂ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಅವತ್ತು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತರು. ಮಧುಸೂದನ ಮೆತ್ತಗಾಗಿದ್ದ. ಕೈ ಮುಗಿದೇ ಮಾತು ಶುರು ಮಾಡಿದ. ಎಲ್ಲರೂ ನಮ್ಮವರೇ ಎಂದ. ಬಳಚು ತೆಗೆಯುವವರ ಕಷ್ಟ ತನಗೆ ಗೊತ್ತು ಎಂದ. ಅದಕ್ಕೇ ಒಂದು ದಾರಿ ಹುಡುಕಿದ್ದ. ಬೇಲಿ ಇರಲಿ. ದಿನಾ ಬೆಳಿಗ್ಗೆ, ಪ್ರವಾಸಿಗರು ಬರುವ ಮೊದಲು ಒಂದಿಷ್ಟು ಹೊತ್ತು ಹೆಂಗಸರಿಗೆಂದು ಬಿಡೋಣ. ಅವರು ಬಂದು, ತೆಗೆದುಕೊಂಡು, ಹೋಗಿಬಿಡಲಿ. ಇವರಿಗೂ ತೊಂದರೆಯಿಲ್ಲ, ಅವರಿಗೂ ತೊಂದರೆಯಿಲ್ಲ.

ಹಾಲಿನಲ್ಲಿ ತಲೆಗಳು ಆಡಿದವು. ಒಳ್ಳೆಯ ಮಾತು ಎಂದರು ಕೆಲವರು. ಕೇರಿಯ ಹೆಂಗಸರಲ್ಲೂ ಒಬ್ಬಿಬ್ಬರು ತಲೆ ಆಡಿಸಿದರು. ಮಾಸ್ತಮ್ಮನಿಗೂ ಒಂದು ಕ್ಷಣ ಸಾಕಲ್ಲ ಅನ್ನಿಸಿತು. ಇಷ್ಟು ಜಗಳದ ಮೇಲೆ ಇಷ್ಟಾದರೂ ಸಿಕ್ಕಿತಲ್ಲ. ಆಮೇಲೆ ಅವಳಿಗೆ ಆ ಮಾತಿನ ಒಳಗೆ ಏನಿದೆ ಎಂದು ಕಂಡಿತು. ಬನ್ನಿ, ಆದರೆ ಕಾಣಬೇಡಿ. ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು. ಮೈಕು ತರಲು ಯಾರೋ ಎದ್ದರು, ಅವಳು ಕಾಯಲಿಲ್ಲ.

"ನಂಗೆ ಹೊತ್ತು ಕೊಡೂಕೆ ನೀ ಯಾರು, ತಮ್ಮಾ? ಹೊತ್ತು ಕೊಡೂದು ಹೊಳೆ. ಒಂದಿನ ಬೆಳಿಗ್ಗೆ ಇಳೀತದೆ, ಒಂದಿನ ಮಧ್ಯಾಹ್ನ ಇಳೀತದೆ. ಅದು ಇಳಿದಾಗ ನಾವು ಇಳೀತೇವೆ. ನೋಡೂಕೆ ಬರೋರು ಆಗಲೂ ಬರ್ಲಿ. ಹಕ್ಕೀನೂ ನೋಡ್ಲಿ, ನಮ್ಮನ್ನೂ ನೋಡ್ಲಿ. ನಾಚಿಕೆ ಎಂತಕ್ಕೆ?"

ತಿಮ್ಮಕ್ಕ ಕೋಲಿನ ಸಮೇತ ಕೈ ಎತ್ತಿದಳು. ಯಾವುದಕ್ಕೆ ಕೈ ಎತ್ತಬೇಕೆಂದು ಇನ್ನೂ ಯಾರೂ ಕೇಳಿರಲಿಲ್ಲ. ಅವಳ ಹಿಂದೆ ಕೇರಿ ಕೈ ಎತ್ತಿತು. ಗಣೇಶ ಎತ್ತಿದ. ಸಣ್ಣಿಯ ಕೇರಿಯವರು ಎತ್ತಿದರು. ಮೂಲೆಯಲ್ಲಿದ್ದ ದುರ್ಗ ಎರಡೂ ಕೈ ಎತ್ತಿದ. ದಿಬ್ಬದ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೇಟು ತೆರೆದಾಗಿನಿಂದ ಅವರಲ್ಲೂ ಹೆಚ್ಚಿನವರ ಮಕ್ಕಳು ದಿನಾ ಸಂಜೆ ಅಲ್ಲಿಗೇ ಆಡಲು ಹೋಗುತ್ತಿದ್ದರು. ಅವರ ಕೈಗಳೂ ನಿಧಾನಕ್ಕೆ ಮೇಲೆ ಬಂದವು. ಗಜನಿ ಊರಿನದು, ಬಯಲಾಗಿಯೇ ಇರುತ್ತದೆ, ಬೇಲಿ ಇರುವುದಿಲ್ಲ, ಗೂಡಿನ ಕಾಲದಲ್ಲಿ ಗೋಳಿಮರದ ಹತ್ತಿರ ಯಾರೂ ಹೋಗಬಾರದು ಎಂದು ಕಾರ್ಯದರ್ಶಿ ಗಟ್ಟಿಯಾಗಿ ಓದಿದರು. ಬೋಟುಗಳ ಗುತ್ತಿಗೆ ಮುಗಿಯುವ ತನಕ ಏನೂ ಮಾಡಲಾಗದು ಎಂದೂ ಓದಿದರು. ಅದಕ್ಕೆ ಇನ್ನೊಂದು ಜಗಳ ಬಾಕಿ ಇದೆ ಎಂದು ಮಾಸ್ತಮ್ಮ ಸಣ್ಣಿಯ ಕಿವಿಯಲ್ಲಿ ಹೇಳಿದಳು. ಹಾಡು ತಯಾರಿದೆ ಎಂದಳು ಸಣ್ಣಿ.

ಕೊನೆಗೆ ಮಧುಸೂದನ ವಂದನಾರ್ಪಣೆಗೆ ಎದ್ದ. ಮಾನ್ಯ ಪಂಚಾಯ್ತಿ ಅಧ್ಯಕ್ಷರಿಂದ ಶುರು ಮಾಡಿದ. ಕಿಟಕಿಯ ಹತ್ತಿರ ಕೂತಿದ್ದ ಒಬ್ಬಳು ಹೊರಗೆ ಬಗ್ಗಿ ನೋಡಿ, ಇಳಿತ ಆತು ಎಂದಳು. ಸಣ್ಣಗೆ ಹೇಳಿದಳು, ಆದರೆ ಹಾಲಿನ ತುಂಬ ಕೇಳಿತು. ಕುರ್ಚಿಗಳು ಕಿರುಗುಟ್ಟಿದವು. ಹೆಂಗಸರು ಸೀರೆ ಎತ್ತಿ ಕಟ್ಟುತ್ತಲೇ ಬಾಗಿಲು ದಾಟಿದರು, ಬುಟ್ಟಿಗಳನ್ನು ಜಗಲಿಯಲ್ಲೇ ಇಟ್ಟು ಬಂದಿದ್ದರು. ಅವರು ಗಜನಿಗೆ ಇಳಿಯುವುದನ್ನು ನೋಡಲು ಮಕ್ಕಳು ಓಡಿದರು, ಮಕ್ಕಳ ಹಿಂದೆ ದೊಡ್ಡವರೂ ಎದ್ದರು. ಮಾಸ್ತಮ್ಮ ಎಲ್ಲರಿಗಿಂತ ಮುಂದಿದ್ದಳು. ಮಧುಸೂದನ ಹಾಳೆಯಿಂದ ತಲೆ ಎತ್ತಿದಾಗ ಹಾಲಿನಲ್ಲಿ ಮೈಕಿನವನೊಬ್ಬನೇ ಉಳಿದಿದ್ದ. ಅವನೂ ವಯರು ಸುತ್ತತೊಡಗಿದ್ದ.